ಉಪ್ಪು ತೊಳೆದರೆ ಸಾಲದು

ಸೊಲ್ಲಾಪುರ ಸೀಮೆಯ ನಮಗೆ ಕಡಲು ಬಹು ದೂರ. ಮುಂಬಯಿಯ ದಂಡೆಯನ್ನು ಮುಟ್ಟಬೇಕಾದರೆ ರೈಲಿನಲ್ಲಿ ಸುಮಾರು 450 ಕಿಲೋಮೀಟರು ಸಾಗಬೇಕು. ಆದರೂ ಕಡಲಿನ ತುಣುಕೊಂದು ಒಮ್ಮೊಮ್ಮೆ ತಾನಾಗಿಯೇ ನಮ್ಮ ಮನೆಬಾಗಿಲಿಗೆ ಬಂದು ನಿಲ್ಲುವುದುಂಟು. ಮುಂಬಯಿ, ಪುಣೆಗಳಲ್ಲಿ ನೌಕರಿಯಲ್ಲಿರುವ ಬಂಧುಗಳು ಕಡಲಮೀನು ಸಾಕುವ ಹೌಸಿನಿಂದ ದೊಡ್ಡದೊಂದು ಗಾಜಿನ ತೊಟ್ಟಿಯನ್ನು ಕೊಂಡಿರುತ್ತಾರೆ. ವರ್ಷಗಳು ಕಳೆದಂತೆ ಉಪ್ಪಿನ ವೆಚ್ಚ, ವಿದ್ಯುತ್ತಿನ ವೆಚ್ಚ, ಮನೆ ಬದಲಿಸುವ ತಾಪತ್ರಯ ಎಲ್ಲವೂ ಕೂಡಿ ಅದು ಬೇಡವಾಗುತ್ತದೆ. ಆಗ “ಊರಿನಲ್ಲಿ ಮಕ್ಕಳಾದರೂ ನೋಡಿ ಸಂತೋಷಪಡಲಿ” ಎಂದು ಅದನ್ನು ಟೆಂಪೋದಲ್ಲಿ ಹೇರಿ ಸೊಲ್ಲಾಪುರಕ್ಕೋ ಅಕ್ಕಲಕೋಟೆಗೋ ಕಳಿಸಿಬಿಡುತ್ತಾರೆ. ಕಡಲಿನ ನೀರು ನಮ್ಮಲ್ಲಿಲ್ಲ. ಕಡಲಮೀನು ಸಾಕುವಷ್ಟು ಹಣದ ಅನುಕೂಲವೂ ಹೆಚ್ಚಿನವರಿಗಿಲ್ಲ. ಹಾಗಾದರೆ ಆ ತೊಟ್ಟಿಯಲ್ಲಿ ಸಿಹಿನೀರು ತುಂಬಿ, ಸಿಹಿನೀರಿನ ಮೀನುಗಳನ್ನು ಬಿಡಬಹುದೆ?

ಅವಶ್ಯವಾಗಿ ಬಿಡಬಹುದು. ಆದರೆ ಈ ಕೆಲಸದಲ್ಲಿ ಎಲ್ಲರಿಗೂ ಇರುವ ಭಯ ಉಪ್ಪಿನದು. ಮೀನುಗಳನ್ನು ಕೊಲ್ಲುವುದು ಮಾತ್ರ ಅವಸರ. ನಮ್ಮ ಪರಿಚಯದ ಸೊಲ್ಲಾಪುರದ ಒಂದು ಮನೆಯಲ್ಲಿ ಶನಿವಾರ ತೊಟ್ಟಿಯನ್ನು ತಿಕ್ಕಿ ತೊಳೆದರು. ಒಂದೆರಡು ಸಲವಲ್ಲ, ಏಳು ಸಲ ತೊಳೆದರು. ರವಿವಾರ ನೀರು ತುಂಬಿ ಹನ್ನೆರಡು ಮೀನುಗಳನ್ನು ಬಿಟ್ಟರು. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಅದರಾಚೆಯ ಸೋಮವಾರದ ಹೊತ್ತಿಗೆ ಒಂದು ಮೀನೂ ಉಳಿಯಲಿಲ್ಲ. ಆ ಮನೆಯ ಎಂಟು ವರ್ಷದ ಹುಡುಗ, ದಿನವೂ ಮೀನುಗಳಿಗೆ ಆಹಾರ ಹಾಕುತ್ತಿದ್ದವನು, ತನ್ನ ಕೈಯಿಂದಲೇ ಅವು ಸತ್ತವೆಂದು ತಿಳಿದು ಆ ಕೋಣೆಗೆ ಕಾಲಿಡಲೊಲ್ಲದಾದನು. ಹಿರಿಯರು, ಇನ್ನೂ ಉಪ್ಪು ಉಳಿದಿತ್ತೆಂದು ತೀರ್ಮಾನಿಸಿದರು. ಆದರೆ ಆ ಸಾವಿಗೆ ಉಪ್ಪೂ ಕಾರಣವಲ್ಲ, ಹುಡುಗನೂ ಕಾರಣನಲ್ಲ. ಇದನ್ನು ಮನಗಾಣಲು ಮೊದಲು ಉಪ್ಪಿನ ಲೆಕ್ಕವನ್ನೇ ಮಾಡಿ ನೋಡೋಣ.

ಇಂಥ ತೊಟ್ಟಿಯೊಂದು ನಮ್ಮ ಶಾಲೆಗೂ ಬಂದಿದೆ. ಮುಂಬಯಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನ ಕೊಡುಗೆ. ಉದ್ದ 75 ಸೆಂಟಿಮೀಟರು, ಅಗಲ 40, ಎತ್ತರ 40. ಗುಣಿಸಿದರೆ 120 ಲೀಟರು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರ್ಯಾಮು ಲವಣ ಕರಗಿರುತ್ತದೆ. ಅಂದಮೇಲೆ ತುಂಬಿದ ತೊಟ್ಟಿಯಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು ಉಪ್ಪು ಇದ್ದಿತು. ನೀರನ್ನು ಚೆಲ್ಲಿದ ಬಳಿಕ ತಳದಲ್ಲಿಯೂ ಮೂಲೆಗಳಲ್ಲಿಯೂ ಅರ್ಧ ಲೀಟರು ಉಳಿಯಿತೆಂದು ಹಿಡಿಯಿರಿ. ಅದರಲ್ಲಿ 17 ಗ್ರ್ಯಾಮು ಉಪ್ಪು ಇರುತ್ತದೆ. ಹತ್ತು ಲೀಟರು ಸಿಹಿನೀರು ಹಾಕಿ ಚೆನ್ನಾಗಿ ಕಲಕಿ ಮತ್ತೆ ಚೆಲ್ಲಿದರೆ, ಉಳಿಯುವ ಅರ್ಧ ಲೀಟರಿನಲ್ಲಿ ಒಂದು ಗ್ರ್ಯಾಮೂ ಇರುವುದಿಲ್ಲ. ಐದನೆಯ ಇಯತ್ತೆಯ ಮಕ್ಕಳು ಮಾಡಬಹುದಾದ ಲೆಕ್ಕವಿದು. ಉಪ್ಪು ನೀರಿನಲ್ಲಿ ಕರಗುವ ವಸ್ತು. ನೀರಿನೊಡನೆ ಬಂದದ್ದು ನೀರಿನೊಡನೆ ಹೋಗುತ್ತದೆ. ಎರಡು ಮೂರು ಸಲ ತೊಳೆದರೆ ಅದರ ಕಥೆ ಮುಗಿಯಿತು.

ಹಾಗಿದ್ದರೆ, ತೊಟ್ಟಿಯೊಡನೆ ಬಂದ ಕಡಲಮೀನುಗಳನ್ನೇ ನಿಧಾನವಾಗಿ ಸಿಹಿನೀರಿಗೆ ರೂಢಿಸಬಾರದೆ ಎಂದು ಕೇಳುವವರುಂಟು. ಆಗದು. ಇದರ ಕಾರಣ ನಮ್ಮ ತಾಯಂದಿರಿಗೆ ಅಡಿಗೆಮನೆಯಿಂದಲೇ ಗೊತ್ತು. ಮಾವಿನ ಹೋಳಿಗೆ ಉಪ್ಪು ಸವರಿಟ್ಟರೆ ಹೋಳು ನೀರು ಬಿಡುತ್ತದೆ; ಒಣದ್ರಾಕ್ಷಿಯನ್ನು ಬರಿಯ ನೀರಿನಲ್ಲಿ ನೆನೆಯಿಟ್ಟರೆ ಅದು ನೀರು ಹೀರಿ ಉಬ್ಬುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಅಭಿಸರಣೆ ಎಂದು ಕರೆಯುವುದು ಇದನ್ನೇ. ಕಡಲಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುವುದರಿಂದ ಅದು ಕಡಲನ್ನು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸಿಹಿನೀರಿನ ಮೀನಿನ ಮೈಯೊಳಗೆ ನೀರು ಸದಾ ನುಗ್ಗುತ್ತಿರುವುದರಿಂದ ಅದು ನೀರು ಕುಡಿಯುವ ಗೊಡವೆಗೆ ಹೋಗದೆ, ತೆಳುವಾದ ಮೂತ್ರವನ್ನು ಧಾರಾಳವಾಗಿ ಬಿಡುತ್ತದೆ. ಗೋದಾವರಿಯನ್ನೇರಿ ಬರುವ ಪುಲಸದಂಥ ಕೆಲವೇ ಮೀನುಗಳಿಗೆ ಎರಡೂ ವಿದ್ಯೆ ತಿಳಿದಿವೆ. ಉಳಿದವುಗಳಿಗೆ ಒಂದೇ. 1951ರಲ್ಲಿ ಮುಂಬಯಿಯ ಮರೀನ್ ಡ್ರೈವಿನಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ಶಾಲೆಯ ಪ್ರವಾಸದಲ್ಲಿ ಕಂಡವರಿಗೆ, ಅಲ್ಲಿ ಕಡಲಮೀನುಗಳಿಗೂ ಸಿಹಿನೀರಿನ ಮೀನುಗಳಿಗೂ ಬೇರೆ ಬೇರೆ ತೊಟ್ಟಿಗಳಿದ್ದುದು ನೆನಪಿರಬಹುದು. ಆದ್ದರಿಂದ ಕಡಲಮೀನು ಉಳಿದಿದ್ದರೆ ಅದನ್ನು ಆ ಊರಿನಲ್ಲಿಯೇ ಬಲ್ಲವರಿಗೆ ಒಪ್ಪಿಸಿ, ತೊಟ್ಟಿಯನ್ನಷ್ಟೇ ತರಿಸಿಕೊಳ್ಳಬೇಕು.

ಉಪ್ಪು ಹೋಯಿತು. ಇನ್ನು, ನೀರಿನೊಡನೆ ಹೋಗದವುಗಳನ್ನು ನೋಡೋಣ. ಮೊದಲನೆಯದು ತಳದ ಬಿಳಿಯ ಮರಳು. ಕಡಲತೊಟ್ಟಿಗಳಲ್ಲಿ ಸಾಮಾನ್ಯವಾಗಿ ಹಾಸುವುದು ಹವಳ, ಚಿಪ್ಪುಗಳ ಪುಡಿಯನ್ನು, ಎಂದರೆ ಸುಣ್ಣವನ್ನು. ಸಿಹಿನೀರಿನಲ್ಲಿ ಅದು ಮೆಲ್ಲಮೆಲ್ಲನೆ ಕರಗುತ್ತ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಏರಿಸುತ್ತದೆ. ನಮ್ಮ ಕೊಳವೆಬಾವಿಗಳ ನೀರು ಮೊದಲೇ ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯೇ ಇದಕ್ಕೆ ಸಾಕ್ಷಿ. ಗಡಸಿಗೆ ಗಡಸನ್ನು ಕೂಡಿಸುವುದು ಬೇಡ. ಆ ಮರಳನ್ನು ಪೂರ್ತಿಯಾಗಿ ತೆಗೆದು, ಹೊಳೆಯ ದಪ್ಪ ಮರಳನ್ನೋ ಕರಿಕಲ್ಲಿನ ಸಣ್ಣ ಹರಳನ್ನೋ ತೊಳೆದು ಹಾಸಬೇಕು. ಕಪ್ಪು ಮಣ್ಣಿನ ನಮ್ಮ ಸೀಮೆಯಲ್ಲಿ ಹೊಳೆಯ ಮರಳಿನೊಳಗೂ ಸುಣ್ಣದ ಹರಳು ಬೆರೆತಿರುವುದುಂಟು. ಹಿಡಿಯಷ್ಟು ಮರಳಿನ ಮೇಲೆ ನಿಂಬೆರಸ ಹಿಂಡಿ ನೋಡಿರಿ; ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿದು ಬೇರೆ ಮರಳನ್ನು ಆರಿಸಿರಿ.

ಎರಡನೆಯದು ತಾಮ್ರ. ಕಡಲಮೀನುಗಳಿಗೆ ಬಿಳಿ ಚುಕ್ಕೆಯ ರೋಗ ತಗುಲಿದಾಗ ತಾಮ್ರ ಬೆರೆತ ಔಷಧವನ್ನು ಹಾಕುವ ರೂಢಿಯಿದೆ. ನಮ್ಮ ದ್ರಾಕ್ಷಿ ಬೆಳೆಗಾರರು ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತವೂ ತಾಮ್ರದ್ದೇ. ಸುಣ್ಣದ ಮರಳು ಮತ್ತು ಕಲ್ಲುಗಳು ಈ ತಾಮ್ರವನ್ನು ಹೀರಿಟ್ಟುಕೊಂಡು, ಮುಂದೆ ಬಹುಕಾಲ ಅಷ್ಟಷ್ಟಾಗಿ ಬಿಡುತ್ತವೆ. ಮೀನು ಸ್ವಲ್ಪಮಟ್ಟಿಗೆ ತಾಳಿಕೊಂಡರೂ ಬಸವನಹುಳು, ಸಿಗಡಿಗಳು ಅತ್ಯಲ್ಪ ತಾಮ್ರಕ್ಕೂ ಸಾಯುತ್ತವೆ. ಕೊಟ್ಟವರನ್ನು ಔಷಧದ ವಿಷಯ ಕೇಳಿ ತಿಳಿಯುವುದು ಒಳ್ಳೆಯದು. ಅವರಿಗೆ ನೆನಪಿಲ್ಲದಿದ್ದರೆ ಹಾಕಿದ್ದಾರೆಂದೇ ಭಾವಿಸಿ ಹಳೆಯ ಮರಳು, ಕಲ್ಲು, ಸೋಸುವ ಸ್ಪಂಜು ಇವಾವುದನ್ನೂ ಮರಳಿ ಬಳಸಬಾರದು.

ಹವಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಚೆಲುವಾಗಿದೆಯೆಂದು ಹವಳದ ಕೊಂಬೆಗಳನ್ನು ಷೋಕೇಸಿನಲ್ಲಿಡಲು ಮನಸ್ಸಾಗುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ಹುಲಿಗೆ ದೊರೆತ ರಕ್ಷಣೆಯೇ ಹವಳಕ್ಕೂ ದೊರೆತಂತಾಯಿತು. ಅವುಗಳ ಮಾರಾಟ, ಕೊಳ್ಳುವಿಕೆ ಅಪರಾಧ. ಆದ್ದರಿಂದ ತೊಟ್ಟಿಯನ್ನು ಕಳಿಸುವ ಮುನ್ನವೇ, ಹವಳವಿದ್ದರೆ ಅಲ್ಲಿಯ ಅರಣ್ಯ ಇಲಾಖೆಯನ್ನು ಕೇಳಿ ಅವರು ಹೇಳಿದಂತೆ ಮಾಡಿರೆಂದು ಬಂಧುಗಳಿಗೆ ತಿಳಿಸುವುದು ಲೇಸು.

ಇನ್ನು ತೊಳೆಯುವ ಕ್ರಮ. ಸಾಬೂನು, ಪಾತ್ರೆ ತೊಳೆಯುವ ಪುಡಿ ಇವು ಸರ್ವಥಾ ಕೂಡದು. ಅವುಗಳ ಅಂಶ ಉಳಿದರೆ ಕಿವಿರಿಗೆ ಅಪಾಯ. ಗಾಜಿಗೆ ಅಂಟಿದ ಬಿಳಿಯ, ನಸುಗೆಂಪಿನ ಗಟ್ಟಿ ಕರೆ ಸುಣ್ಣದ್ದೇ ಆದುದರಿಂದ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ತಾಸು ಅದರ ಮೇಲೆ ಹಾಸಿಟ್ಟರೆ ಮೆತ್ತಗಾಗುತ್ತದೆ. ಬಳಿಕ ಹಳೆಯ ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಗಾಜುಗಳನ್ನು ಕೂಡಿಸಿರುವ ಸಿಲಿಕೋನಿನ ಗೆರೆಗೆ ಬ್ಲೇಡು ತಾಕದಿರಲಿ. ಆಮೇಲೆ ಎರಡು ಮೂರು ಸಲ ನೀರಿನಿಂದ ತೊಳೆದು, ಅಂಗಳದ ಸಮನೆಲದಲ್ಲಿ ತುಂಬಿಸಿ ಎರಡು ದಿನ ಬಿಟ್ಟು ಸೋರುವುದೋ ಎಂದು ನೋಡಬೇಕು. ಆ ನೀರು ವ್ಯರ್ಥವಾಗದಂತೆ ಗಿಡಗಳಿಗೆ ಹಾಕಬಹುದು. ತುಂಬಿದ ತೊಟ್ಟಿಯ ಭಾರ, ಗಾಜು ಮತ್ತು ಮರಳು ಸೇರಿ, ಒಂದೂವರೆ ಕ್ವಿಂಟಾಲನ್ನು ಮುಟ್ಟುತ್ತದೆ; ಹಳೆಯ ಮೇಜು ತಾಳಲಾರದು. ತೊಟ್ಟಿಯೊಡನೆ ಬಂದ ಯಂತ್ರಗಳಲ್ಲಿ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಎಂಬುದು ಸಿಹಿನೀರಿನಲ್ಲಿ ಕೆಲಸಕ್ಕೆ ಬಾರದು. ಗಾಳಿಯ ಪಂಪು ಮತ್ತು ಹೊಸ ಸ್ಪಂಜಿನ ಸೋಸುಕ ನಮಗೆ ಸಾಕು.

ಇಷ್ಟಾದ ಮೇಲೆ ತೊಟ್ಟಿ ಕಣ್ಣಿಗೆ ಸಿದ್ಧವಾಗಿ ಕಾಣುತ್ತದೆ. ನಮ್ಮ ಶಾಲೆಯಲ್ಲಿ ಈ ಹಂತಕ್ಕೆ ಬಂದಾಗ ಆರನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಗುರುಗಳ, ನೀರು ಇಷ್ಟು ತಿಳಿ ಆಗ್ಯದಲ್ರಿ, ಮತ್ತ ಮೀನು ಯಾಕ ಬಿಡವಲ್ರಿ?” ಸೊಲ್ಲಾಪುರದ ಆ ಮನೆಯವರು ಕೇಳಿಕೊಳ್ಳದೆ ಹೋದ ಪ್ರಶ್ನೆ ಇದೇ.

ಉತ್ತರ ಇಷ್ಟು. ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾ ಎಂಬ ವಿಷ ನೀರಿಗೆ ಬೀಳುತ್ತಿರುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಕೆರೆಹೊಳೆಗಳಲ್ಲಿ ಈ ವಿಷವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ಇದು ಮೀನಿಗೆ ಅಷ್ಟಾಗಿ ಬಾಧಕವಲ್ಲ, ಗಿಡಗಳಿಗಂತೂ ಗೊಬ್ಬರ. ಹೊಲಕ್ಕೆ ಹಾಕಿದ ಸಗಣಿಗೊಬ್ಬರ ಬೆಳೆಗೆ ಒದಗುವಂತೆ ಮಾಡುವವೂ ಇಂಥವೇ. ರಶಿಯದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಹಳೆಯ ತೊಟ್ಟಿಯಲ್ಲಿಯೂ ಇವು ಕೋಟಿಗಟ್ಟಲೆ ಇದ್ದವು. ಆದರೆ ಉಪ್ಪುನೀರಿಗೆ ಒಗ್ಗಿದವು. ಉಪ್ಪಿನೊಡನೆ ಅವೂ ಹೋದವು. ತೊಟ್ಟಿ ಎಷ್ಟು ಹಳೆಯದಾದರೇನು, ಸಿಹಿನೀರಿನ ಲೆಕ್ಕದಲ್ಲಿ ಅದು ನಿನ್ನೆ ಹುಟ್ಟಿದ್ದು.

ಹೊಸ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಸ್ಪಂಜಿನಲ್ಲಿಯೂ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಚಳಿಯಿದ್ದರೆ ಇನ್ನೂ ಹೆಚ್ಚು. ಆವರೆಗೆ ತೊಟ್ಟಿಯಲ್ಲಿ ಮೀನು ಬೇಡ. ಪಂಪು ನಡೆಯುತ್ತಿರಲಿ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿರಿ. ಅದು ಕೊಳೆತು ಆ ಜೀವಿಗಳಿಗೆ ಅನ್ನವಾಗುತ್ತದೆ. ಮೊಸರು ಮಾಡಲು ನೆರೆಮನೆಯಿಂದ ಹೆಪ್ಪು ತರುತ್ತೇವಲ್ಲವೆ? ಹಾಗೆಯೇ ಆರೋಗ್ಯವಂತ ಮೀನುಗಳಿರುವ ಪರಿಚಿತರ ತೊಟ್ಟಿಯಿಂದ ಒಂದು ಹಿಡಿ ಮರಳನ್ನು ಒದ್ದೆಯಾಗಿಯೇ ತಂದು ಹಾಕಿದರೆ ಕೆಲಸ ಬೇಗ ಕುದುರುತ್ತದೆ. ಅಮೋನಿಯಾ, ನೈಟ್ರೈಟ್‌ಗಳನ್ನು ಬಣ್ಣದಿಂದ ತೋರಿಸುವ ಪರೀಕ್ಷಾ ಔಷಧಗಳು ಮೀನಿನ ಅಂಗಡಿಗಳಲ್ಲಿ ದೊರೆಯುತ್ತವೆ. ಎರಡೂ ಮೊದಲು ಏರಿ, ಆಮೇಲೆ ಇಳಿದು ಸೊನ್ನೆಗೆ ನಿಂತರೆ ತೊಟ್ಟಿ ಸಿದ್ಧವಾಯಿತು. ಆಗಲೂ ಮೊದಲು ಎರಡೋ ಮೂರೋ ಮೀನು. ಹದಿನೈದು ದಿನ ಕಳೆದ ಬಳಿಕ ಇನ್ನೆರಡು. ನಮ್ಮ ಶಾಲೆಯ ಮಕ್ಕಳು ಪಾಳಿಯ ಮೇಲೆ ಆ ಬಣ್ಣವನ್ನು ನೋಡಿ ಗೋಡೆಯ ತಕ್ತೆಯಲ್ಲಿ ಬರೆದರು. ಬರಿಯ ನೀರಿನ ತೊಟ್ಟಿಯ ಮುಂದೆ ಮಕ್ಕಳು ದಿನವೂ ನಿಂತು ನೋಡುವುದನ್ನು ಕಂಡವರು ನಕ್ಕದ್ದೂ ಉಂಟು. ಮೂವತ್ತೆಂಟನೆಯ ದಿನ ಎರಡೂ ಬಣ್ಣಗಳು ಸೊನ್ನೆಗೆ ಬಂದಾಗ, ಪ್ರಶ್ನೆ ಕೇಳಿದ್ದ ಹುಡುಗಿಯೇ ಅದನ್ನು ಮೊದಲು ಕಂಡಳು.

ಈ ಕಾಯುವಿಕೆ ನಮ್ಮ ಸೀಮೆಯವರಿಗೆ ಹೆಚ್ಚು ಅವಶ್ಯ. ನೀರು ಕ್ಷಾರವಾಗಿದ್ದಷ್ಟೂ, ಬಿಸಿಯಾಗಿದ್ದಷ್ಟೂ ಅಮೋನಿಯಾದ ವಿಷ ತೀಕ್ಷ್ಣವಾಗುತ್ತದೆ. ಗಡಸು ನೀರು, ನಲವತ್ತು ಡಿಗ್ರಿ ದಾಟುವ ಬೇಸಿಗೆ, ಎರಡೂ ನಮ್ಮ ಪಾಲಿಗೆ ಬಂದಿವೆ. ಬಿಸಿನೀರಿನಲ್ಲಿ ಪ್ರಾಣವಾಯುವೂ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರ್ಯಾಮು, 35 ಡಿಗ್ರಿಯಲ್ಲಿ ಸುಮಾರು 7. ಆದ್ದರಿಂದ ತೊಟ್ಟಿಯನ್ನು ಬಿಸಿಲು ತಾಕದ, ಗಾಳಿಯಾಡುವ ಕಡೆ ಇಡಬೇಕು, ಮೀನುಗಳು ಕಡಿಮೆಯಿರಬೇಕು. ವಿದ್ಯುತ್ತು ಹೋದಾಗ ತಂಬಿಗೆಯಿಂದ ನೀರು ಮೊಗೆದು ಗೇಣೆತ್ತರದಿಂದ ಮತ್ತೆ ಅದರಲ್ಲಿಯೇ ಸುರಿಯುತ್ತಿದ್ದರೂ ಗಾಳಿ ಬೆರೆಯುತ್ತದೆ. ಮೀನುಗಳಲ್ಲಿ ಗಪ್ಪಿ, ಮೊಲ್ಲಿ, ಪ್ಲಾಟಿ ಇವು ಗಡಸು ನೀರಿಗೆ ಒಪ್ಪುತ್ತವೆ. ಮೊಲ್ಲಿಯಂತೂ ತುಸು ಉಪ್ಪಿದ್ದರೂ ಬೇಡವೆನ್ನದು. ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವು ಮೃದುಜಲದ ನಾಡಿನವು. ಅವುಗಳ ಬಣ್ಣಕ್ಕೆ ಮರುಳಾಗುವುದು ಬೇಡ. ಜೊತೆಗೆ ಒಂದೆರಡು ನೀರಗಿಡ ನೆಟ್ಟರೆ ಅವು ನೈಟ್ರೇಟನ್ನು ಹೀರುತ್ತವೆ. 1850ರಲ್ಲಿಯೇ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರಗಿಡ, ಬಸವನಹುಳು ಈ ಮೂರನ್ನೂ ಕೂಡಿಸಿ ಒಂದನ್ನೊಂದು ಬದುಕಿಸುವಂತೆ ಮಾಡಿದ್ದನು. ಆ ಗಿಡ ನಮ್ಮ ನಾಡಿನ ಕೆರೆಗಳಲ್ಲಿಯೂ ಬೆಳೆಯುತ್ತದೆ.

ನಲ್ಲಿಯ ನೀರಿನಲ್ಲಿರುವ ಕ್ಲೋರೀನು ಮೀನಿಗೂ ಸೂಕ್ಷ್ಮಜೀವಿಗಳಿಗೂ ವೈರಿ. ಬಾಯಿತೆರೆದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಅದು ಹಾರಿಹೋಗುತ್ತದೆ. ನೀರಿನ ಪಾಳಿಗಾಗಿ ಕಾದು, ಬಂದಾಗ ತುಂಬಿಟ್ಟುಕೊಂಡು ಬಾಳುವ ನಮ್ಮ ಮನೆಗಳಲ್ಲಿ ಇದಕ್ಕಾಗಿ ಬೇರೆ ಶ್ರಮವೇ ಬೇಡ! ವಾರಕ್ಕೊಮ್ಮೆ ತೊಟ್ಟಿಯ ಐದನೆಯ ಒಂದು ಪಾಲು ನೀರನ್ನು ತೆಗೆದು, ಇಂಥ ನಿಂತ ನೀರನ್ನು ತುಂಬಬೇಕು. ತೆಗೆದ ನೀರು ತುಳಸಿಗೂ ಹೂಗಿಡಕ್ಕೂ ಒಳ್ಳೆಯ ಗೊಬ್ಬರ. ಹಳೆಯ ಉಪ್ಪುನೀರನ್ನು ಮಾತ್ರ ಗಿಡದ ಬುಡಕ್ಕಾಗಲಿ, ಹೊಲದ ಬದುವಿಗಾಗಲಿ, ಬಾವಿಯ ಬಳಿಗಾಗಲಿ ಚೆಲ್ಲಬಾರದು. ಸವಳು ಜವಳಿನಿಂದ ನೆಲ ಕೆಡುವುದನ್ನು ಕಣ್ಣಾರೆ ಕಂಡ ರೈತರಿಗೆ ನಾಲ್ಕು ಕಿಲೋ ಉಪ್ಪು ಕಪ್ಪು ಮಣ್ಣಿಗೆ ಏನು ಮಾಡೀತೆಂಬುದನ್ನು ಹೇಳಬೇಕಾದುದಿಲ್ಲ. ಅದು ಊರ ಚರಂಡಿಗೆ ಹೋಗಲಿ.

ಕೊನೆಯದಾಗಿ ಒಂದು ಮಾತು. ಮುಂಬಯಿಯ ಬಂಧುಗಳಿಗೆ ಬೇಡವಾದಂತೆ ನಮಗೂ ಒಂದು ದಿನ ಈ ಮೀನುಗಳು ಬೇಡವಾಗಬಹುದು. ಆಗ ಪುಣ್ಯದ ಕೆಲಸವೆಂದು ಭಾವಿಸಿ ಅವನ್ನು ಕೆರೆಗೆ ಬಿಡುವವರಿದ್ದಾರೆ. ಅದು ಪುಣ್ಯವಲ್ಲ. ನಮ್ಮ ಮಂದಿ ಚಿಲಾಪಿ ಎಂದು ಕರೆಯುವ ತಿಲಾಪಿಯಾ ಆಫ್ರಿಕದ ಮೀನು. 1952ರಲ್ಲಿ ಸಾಕಣೆಗಾಗಿ ಭಾರತಕ್ಕೆ ಬಂದು, ಇಂದು ಉಜನಿ ಜಲಾಶಯದಲ್ಲಿ ಬಲೆಗೆ ಬೀಳುವ ಮೀನುಗಳಲ್ಲಿ ದೊಡ್ಡ ಪಾಲು ತನ್ನದಾಗಿಸಿಕೊಂಡಿದೆ. ಗಾಜಿಗಂಟಿದ ಪಾಚಿಯನ್ನು ತಿನ್ನಲೆಂದು ಜನರು ಕೊಳ್ಳುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಕೂಡ ಭೀಮೆಯ ಆ ಜಲಾಶಯಕ್ಕೆ ಸೇರಿ, ಮುಳ್ಳುರೆಕ್ಕೆಗಳಿಂದ ಬೆಸ್ತರ ಬಲೆಗಳನ್ನು ಹರಿಯುತ್ತಿರುವುದಾಗಿ ಪತ್ರಿಕೆಗಳಲ್ಲಿ ವರದಿಗಳು ಬಂದಿವೆ. ಅಂಗೈಯಗಲದ ಮರಿಯಾಗಿ ಕೊಂಡದ್ದು ಮೊಳದುದ್ದ ಬೆಳೆದಾಗ ಮನೆಯವರು ಅದನ್ನು ಹೊಳೆಗೋ ಕೆರೆಗೋ ಬಿಟ್ಟುಬರುತ್ತಾರೆ. ಸೊನ್ನಲಿಗೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ್ದು ಬಾಯಾರಿದವರಿಗೆ ನೀರಾಗಲೆಂದು. ಆ ಕೆರೆಗಾಗಲಿ, ಅಕ್ಕಲಕೋಟೆ ತಾಲೂಕಿನ ಕುರನೂರು ಜಲಾಶಯಕ್ಕಾಗಲಿ ನಮ್ಮ ತೊಟ್ಟಿಯ ಪರದೇಶದ ಮೀನು ಹೋಗಬಾರದು. ಸಾಕಲಾಗದಿದ್ದರೆ ಸಾಕುವವರಿಗೆ ಕೊಡಿರಿ. ಅಂಗಡಿಯವರಿಗೆ ಮರಳಿ ಒಪ್ಪಿಸಿರಿ. ಗಪ್ಪಿ, ಮೊಲ್ಲಿಗಳು ಮರಿಹಾಕುವುದರಲ್ಲಿ ಬಹಳ ಚುರುಕು. ಆದ್ದರಿಂದ ಕೊಡುವ ಮನೆಗಳನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡರೆ ಒಳಿತು.

ಮನೆಯಲ್ಲಿ ಇಂಥ ತೊಟ್ಟಿಯಿದ್ದವರು ದೀಪಾವಳಿಯ ರಜೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ತೊಳೆಯುವ ಕೆಲಸ ಹಿಡಿಯಲಿ. ಚಳಿಗಾಲದ ನಿಧಾನವನ್ನು ಲೆಕ್ಕಕ್ಕೆ ಹಿಡಿದರೂ, ಸಂಕ್ರಾಂತಿಯ ಗಡ್ಡಾ ಜಾತ್ರೆಯ ಹೊತ್ತಿಗೆ ಮೊದಲ ಎರಡು ಮೀನುಗಳನ್ನು ಬಿಡಬಹುದು. ಬೇಸಿಗೆ ಬರುವ ಮುನ್ನ ಅವು ಹೊಸ ಮನೆಗೆ ಹೊಂದಿಕೊಂಡಿರುತ್ತವೆ.